ಭಾಗಾಕಾರ ತಪ್ಪಿಸಿದ ಆಯ್ಲರ್

ಪ್ರಶ್ನೆ: 2,14,74,83,647 ಅವಿಭಾಜ್ಯ ಸಂಖ್ಯೆ ಎಂದು ಗಣಿತಜ್ಞ ಆಯ್ಲರ್ 1772ರಲ್ಲೇ ತೋರಿಸಿದನಂತೆ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಅಷ್ಟೊಂದು ಭಾಗಾಕಾರ ಹೇಗೆ ಮಾಡಿದ? ಇದೇ ಸಂಖ್ಯೆ ಕಂಪ್ಯೂಟರಿನಲ್ಲಿ ಗರಿಷ್ಠ ಮಿತಿಯಾಗಿ ಬರುವುದು ಅದು ಅವಿಭಾಜ್ಯ ಅನ್ನುವ ಕಾರಣಕ್ಕೋ?

ಉತ್ತರ: ಅಷ್ಟೊಂದು ಭಾಗಾಕಾರ ಅವನಿಗೆ ಬೇಕಾಗಲೇ ಇಲ್ಲ, ಮಜಾ ಇರುವುದೇ ಅಲ್ಲಿ. ಈ ಸಂಖ್ಯೆಯ ವರ್ಗಮೂಲ ಸುಮಾರು 46,340. ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ನಿಜ; ಆದರೆ ಅವೇ ನಾಲ್ಕು ಸಾವಿರಕ್ಕೂ ಹೆಚ್ಚು. ಆಯ್ಲರ್‌ಗೋ ಆ ಹೊತ್ತಿಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು.

ನಿಮ್ಮ ಸಂಖ್ಯೆ ಎಂದರೆ 2³¹ − 1. ‘ಪ’ ಎಂಬ ಅವಿಭಾಜ್ಯ ಇದನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದುಕೊಳ್ಳಿ. ಆಗ 2³¹ನ್ನು ಪ-ಯಿಂದ ಭಾಗಿಸಿದರೆ ಶೇಷ 1. ಫರ್ಮಾನ ಪ್ರಮೇಯದಂತೆ 2ರ (ಪ − 1)ನೇ ಘಾತಕ್ಕೂ ಶೇಷ 1. 31 ಅವಿಭಾಜ್ಯ, ಹಾಗಾಗಿ ಇವೆರಡೂ ಕೂಡಿಬರಬೇಕಾದರೆ ಪ − 1 ಎಂಬುದು 31ರ ಅಪವರ್ತ್ಯವಾಗಿರಲೇಬೇಕು. ಪ ಬೆಸಸಂಖ್ಯೆ, ಆದ್ದರಿಂದ 62ರ ಅಪವರ್ತ್ಯವೂ ಹೌದು. ಸಂಶಯವಿದ್ದವರು 2¹¹ − 1ನ್ನು ನೋಡಿ: 2047 = 23 × 89, ಎರಡರಲ್ಲೂ ಒಂದು ಕಳೆದರೆ 22ರ ಅಪವರ್ತ್ಯವೇ ಸಿಗುತ್ತದೆ.

ಇದರ ಮೇಲೆ ಇನ್ನೊಂದು ಜರಡಿ: ಪ-ಯನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರಬಹುದು. ಎರಡನ್ನೂ ಸೇರಿಸಿದರೆ, 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರುವ ಸಂಖ್ಯೆಗಳಷ್ಟೇ ಉಳಿಯುತ್ತವೆ. 46,340ರೊಳಗೆ ಅಂಥವು ನಾನೂರೂ ಇಲ್ಲ. ಅವುಗಳಲ್ಲಿ ಅವಿಭಾಜ್ಯಗಳು ನೂರರೊಳಗೆ. 63, 249 ಕಂಡ ಕೂಡಲೇ ಬಿದ್ದುಹೋಗುತ್ತವೆ. ಮೊದಲು ಪರೀಕ್ಷಿಸಬೇಕಾದದ್ದು 311.

ಅದಕ್ಕೂ ಹತ್ತಂಕಿಯ ಸಂಖ್ಯೆಯನ್ನು ಮುಟ್ಟಬೇಕಿಲ್ಲ. 2⁸ = 256, ಅಂದರೆ 311ಕ್ಕೆ 55 ಕಡಿಮೆ. 55ರ ವರ್ಗ 3025, ಶೇಷ 226. ಇದು 2¹⁶ರ ಶೇಷ, 311ಕ್ಕೆ 85 ಕಡಿಮೆ. 55 × 85 = 4675, ಶೇಷ 10; ಇದು 2²⁴ರದ್ದು. ಇನ್ನುಳಿದ 2⁷, ಅಂದರೆ 128ರಿಂದ ಗುಣಿಸಿದರೆ 1280, ಶೇಷ 36. ಒಂದು ಕಳೆದರೆ 35. ಸೊನ್ನೆಯಲ್ಲ, ಹಾಗಾಗಿ 311 ಭಾಜಕವಲ್ಲ. ಕಾಗದದಲ್ಲಿ ನಾಲ್ಕು ಸಾಲು. ಮುಂದಿನವನ್ನು ನೀವೇ ಮಾಡಿ ನೋಡಿ, ಬೇಜಾರಾದರೆ ನನ್ನನ್ನು ಬೈಯಬೇಡಿ!

ಕಂಪ್ಯೂಟರಿನ ಮಾತು ಬರೀ ಕಾಕತಾಳೀಯ. 32 ಬಿಟ್‌ಗಳಲ್ಲಿ (ಬಿಟ್ ಎಂದರೆ 0 ಅಥವಾ 1 ಹಿಡಿಯುವ ಒಂದು ಸ್ಥಾನ) ಒಂದು ಧನ–ಋಣ ಚಿಹ್ನೆಗೆ ಹೋಗಿ 31 ಉಳಿಯುತ್ತವೆ, ಅಷ್ಟೇ. 16 ಬಿಟ್‌ಗಳ ಮಿತಿ 2¹⁵ − 1, ಅಂದರೆ 32,767. ಅದು 7 × 31 × 151. 64 ಬಿಟ್‌ಗಳ ಮಿತಿ 2⁶³ − 1 ಕೂಡ 7ರಿಂದ ಭಾಗವಾಗುತ್ತದೆ, ಏಕೆಂದರೆ 7 ಎಂದರೆ 2³ − 1, ಮತ್ತು 15ರಂತೆ 63 ಕೂಡ 3ರ ಅಪವರ್ತ್ಯ.