ಗ್ನಾಟ್ ಕಿಟ್ ಕೊಳ್ಳಲೇ?

ಪ್ರಶ್ನೆ: ಗ್ನಾಟ್ ಎಂಬ ಪುಟ್ಟ ಜೆಟ್ ವಿಮಾನದ ಟಿ.1 ಮಾದರಿ ಕಿಟ್, 1/48 ಅಳತೆಯದು (ನಿಜವಾದುದರ 48ನೇ ಒಂದು ಪಾಲು), ಹೊಸದಾಗಿ ಬಂದಿದೆ. 1971ರಲ್ಲಿ ಶ್ರೀನಗರದ ಆಕಾಶದಲ್ಲಿ ಹೋರಾಡಿದ ಭಾರತೀಯ ವಾಯುಪಡೆಯ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಅವರ ವಿಮಾನ ಮಾಡಬೇಕೆಂಬ ಆಸೆ. ಕೊಳ್ಳಲೇ?

ಉತ್ತರ: ಆ ಆಸೆಗಾದರೆ ಬೇಡ. ಪೆಟ್ಟಿಗೆಯ ಚಿತ್ರವನ್ನು ಇನ್ನೊಮ್ಮೆ ನೋಡಿ, ಗಾಜಿನ ಕೆಳಗೆ ಎರಡು ತಲೆಗಳಿವೆ! ಟಿ.1 ಎಂದರೆ ಬ್ರಿಟಿಷ್ ವಾಯುಪಡೆಯ ತರಬೇತಿ ವಿಮಾನ. ಸೆಖೋನ್ ಹಾರಿಸಿದ್ದು ಒಂದೇ ಆಸನದ ಗ್ನಾಟ್. ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸುತ್ತಿದ್ದುದೂ ಅದನ್ನೇ. ಹಿಂದಿನ ಆಸನ ಕಿತ್ತು ಬಣ್ಣ ಬಳಿದರೆ ಸಾಲದೇ ಎನ್ನಬೇಡಿ. ನಿಜವಾದ ಟಿ.1 ಒಂದೇ ಆಸನದ ಗ್ನಾಟ್‌ಗಿಂತ ಸುಮಾರು 94 ಸೆಂ.ಮೀ. ಉದ್ದ ಹೆಚ್ಚು, ರೆಕ್ಕೆಯೂ ಅಗಲ. ನಿಮ್ಮ ಮೇಜಿನ ಮೇಲೆ ಅದು ಎರಡು ಸೆಂ.ಮೀ. ವ್ಯತ್ಯಾಸ. ಹದಿನೆಂಟು ಸೆಂ.ಮೀ. ಮಾದರಿಯಲ್ಲಿ ಎರಡು ಸೆಂ.ಮೀ. ಕಣ್ಣಿಗೆ ಚುಚ್ಚುತ್ತದೆ. ಇಂಥದೇ ಒಂದು ವಿಮಾನವನ್ನು ಗರಗಸದಿಂದ ಕೊಯ್ದು, ಪುಟ್ಟಿ ಮೆತ್ತಿ, ಕೊನೆಗೆ ಅಟ್ಟಕ್ಕೆ ಎಸೆದವನು ನಾನು.

ಬ್ರಿಟಿಷ್ ವಾಯುಪಡೆಯ ವೈಮಾನಿಕ ಕಸರತ್ತಿನ ತಂಡ ರೆಡ್ ಆ್ಯರೋಸ್ ಹಿಂದೆ ಹಾರಿಸುತ್ತಿದ್ದ ಕೆಂಪು ಗ್ನಾಟ್ ಇಷ್ಟವಾದರೆ ಧಾರಾಳವಾಗಿ ಕೊಳ್ಳಿ. ಅಂಟಿಸುವ ಮುನ್ನ ಮೂಗಿನೊಳಗೆ ಸೀಸದ ಗುಂಡು ತುಂಬಲು ಮರೆಯಬೇಡಿ, ಇಲ್ಲದಿದ್ದರೆ ಬಾಲ ನೆಲಕ್ಕೂರಿ ಕುಳಿತೀತು. ಅಂದ ಹಾಗೆ, ಕೆಂಪಿನ ಕೆಳಗೆ ಮೊದಲು ಬಿಳಿ ಬಳಿಯಿರಿ.