ಅಮಿದಾ ಹೊತ್ತಿನಲ್ಲಿ ಬೇಡದ ಯೋಚನೆ ನುಗ್ಗಿದರೆ
ನಿಮ್ಮ ಪ್ರಾರ್ಥನೆ ಬಲವಾಗುತ್ತಿರುವುದೇ ಬಹುಶಃ ಕಾರಣ. ಯಹೂದಿಗಳು ನಿಂತು ಮಾಡುವ ಮುಖ್ಯ ಪ್ರಾರ್ಥನೆಯಾದ ಅಮಿದಾಗೆ ನಿಂತ ಕೂಡಲೇ ಬೇಡದ ಯೋಚನೆ ಬರುತ್ತದೆ, ನನ್ನ ಪ್ರಾರ್ಥನೆ ಸುಳ್ಳಾ ಎಂದು ಕೇಳಿದ್ದೀರಲ್ಲ, ಖಂಡಿತ ಅಲ್ಲ. 1796ರಲ್ಲಿ ಅಚ್ಚಾದ ‘ತನ್ಯಾ’ ಎಂಬ ಯಹೂದಿ ಧಾರ್ಮಿಕ ಗ್ರಂಥದ 28ನೇ ಅಧ್ಯಾಯದಲ್ಲಿ ಅದನ್ನು ಬರೆದ ರಬ್ಬಿ (ಧರ್ಮಗುರು) ಶ್ನೆಯೂರ್ ಜಲ್ಮಾನ್ ಇದನ್ನು ಕುಸ್ತಿಗೆ ಹೋಲಿಸುತ್ತಾರೆ. ಒಬ್ಬ ಪಟ್ಟು ಬಿಗಿ ಮಾಡಿದರೆ ಇನ್ನೊಬ್ಬನೂ ಬಲವೆಲ್ಲ ಹಾಕುತ್ತಾನೆ, ಅಲ್ವಾ?

ಮೊದಲು, ಆ ಯೋಚನೆಯ ಜೊತೆ ವಾದಕ್ಕೆ ಇಳಿಯಬೇಡಿ. ಪಕ್ಕದಲ್ಲಿ ಯಾರೋ ಕೆಣಕಿದರೆ ಕಿವಿ ಕೇಳಿಸದವರಂತೆ ಇರುತ್ತೇವಲ್ಲ, ಹಾಗೆ. ಆಮೇಲೆ ಸಿದ್ದೂರ್‌ನ, ಅಂದರೆ ಪ್ರಾರ್ಥನಾ ಪುಸ್ತಕದ, ಅದೇ ಸಾಲಿಗೆ ಇನ್ನೂ ಗಟ್ಟಿ ಮನಸ್ಸಿನಿಂದ ಮರಳಿ. ಬೇಸರ ಮಾತ್ರ ಬೇಡ, ಅದು ಇದ್ದ ಬಲವನ್ನೂ ತಿನ್ನುತ್ತದೆ. ಆಗಲೂ ಹೋಗದಿದ್ದರೆ ಕರುಣೆ ತೋರು ಎಂದು ದೇವರನ್ನು ಮನಸ್ಸಿನಲ್ಲೇ ಬೇಡಿ. ನನಗೆ ತಿಂಗಳುಗಳೇ ಹಿಡಿದವು, ನಿಮಗೆಷ್ಟು ದಿನವೋ ಹೇಳಲಾರೆ. ನಾಳೆ ಬೆಳಗಿನ ಪ್ರಾರ್ಥನೆಯಲ್ಲಿ ಅಮಿದಾದ ಮೊದಲ ಆಶೀರ್ವಾದಕ್ಕಷ್ಟೇ ಮಾಡಿ ನೋಡಿ.