ಮಡಿವಂತ ಮಾಧ್ವ ಮನೆಯಲ್ಲಿ ಬೆಳೆದವರು ಆ ದಿನಗಳನ್ನು ಈಗ ಹೇಗೆ ನೋಡುತ್ತೀರಿ?

ನಮ್ಮ ಮನೆಯಲ್ಲಿ ಅಜ್ಜಿಯದೇ ಆಡಳಿತ. ಏಕಾದಶಿಗೆ ದೊಡ್ಡವರು ನೀರೂ ಮುಟ್ಟುತ್ತಿರಲಿಲ್ಲ. ಮರುದಿನ ನಸುಕಿಗೇ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ಮಳೆಗಾಲದಲ್ಲಿ ಶುರುವಾಗುವ ನಾಲ್ಕು ತಿಂಗಳ ವ್ರತ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ ಇಲ್ಲ, ಆಮೇಲೆ ಕ್ರಮವಾಗಿ ಮೊಸರು, ಹಾಲು, ಬೇಳೆಕಾಳು ಬಂದ್. ತರಕಾರಿ ಬಿಡುವ ಆ ಶಾಕವ್ರತದ ತಿಂಗಳಲ್ಲಿ ಬರೀ ಹೆಸರುಬೇಳೆ, ಮೆಣಸು, ಜೀರಿಗೆ, ಮಾವಿನಕಾಯಿಯಲ್ಲಿ ಅಜ್ಜಿ ಮಾಡುತ್ತಿದ್ದ ಅಡುಗೆಯ ರುಚಿ ನನಗೆ ಮತ್ತೆಲ್ಲೂ ಸಿಕ್ಕಿಲ್ಲ. ಹಸಿವು ತಾಳುವ ಶಕ್ತಿ, ಬಾಯಿಪಾಠವಾದ ದಾಸರ ಪದಗಳು, ಇವೆಲ್ಲ ಆ ಮನೆ ಕೊಟ್ಟದ್ದು.

ಆದರೆ ತಿಂಗಳಿಗೆ ಮೂರು ದಿನ ಅಕ್ಕನನ್ನು ಹಿತ್ತಿಲ ಕೋಣೆಯಲ್ಲಿ ಕೂರಿಸಿ, ತಟ್ಟೆ ಚಾಪೆ ಬೇರೆ ಇಡುತ್ತಿದ್ದರಲ್ಲ, ಅದನ್ನು ಒಪ್ಪಲಾರೆ. ಉಪವಾಸ ಅಜ್ಜಿ ತಾನಾಗಿ ಹೊತ್ತದ್ದು. ಅಕ್ಕನನ್ನು ಯಾರೂ ಕೇಳಿರಲಿಲ್ಲ. ಈಗ ನಾನೂ ಏಕಾದಶಿ ಮಾಡುತ್ತೇನೆ. ಮಗಳು ಮುಟ್ಟಾದಾಗಲೂ ಅಡುಗೆಮನೆ, ದೇವರಮನೆ ಎರಡಕ್ಕೂ ಬರುತ್ತಾಳೆ.